ಮಗಳು ಮೈದಾನಕ್ಕೆ ಇಳಿಯಲು ಒಪ್ಪುತ್ತಿಲ್ಲ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಆರನೇ ತರಗತಿಯವರೆಗೆ ಥ್ರೋಬಾಲ್, ಖೋ ಖೋ ಎಂದು ಹೊತ್ತು ಮುಳುಗುವವರೆಗೂ ಆಡುತ್ತಿದ್ದವಳು ಈಗ ಮನೆಗೆ ಬಂದೊಡನೆ ಮೊಬೈಲ್ ಹಿಡಿದು ಕೂರುತ್ತಾಳೆ, ಮೈಯೂ ಬರುತ್ತಿದೆ. ಶಾಲೆಯಲ್ಲಿ ಈ ವರ್ಷ ತರಗತಿ ಮುಗಿದ ಮೇಲೆ ವಾರಕ್ಕೆ ಮೂರು ದಿನ ಬಾಸ್ಕೆಟ್‌ಬಾಲ್ ಮತ್ತು ಅಥ್ಲೆಟಿಕ್ಸ್ ಹೇಳಿಕೊಡುತ್ತಿದ್ದಾರೆ. ಎಷ್ಟು ಹೇಳಿದರೂ ಸೇರುತ್ತಿಲ್ಲ. ಅವಳ ತಮ್ಮನನ್ನು ಕ್ರಿಕೆಟ್ ಕೋಚಿಂಗ್‌ಗೆ ನಮ್ಮ ಯಜಮಾನರು ಬಿಟ್ಟು ಕರೆತರುತ್ತಾರೆ. ಅವನು ಒಂದು ದಿನವೂ ತಪ್ಪಿಸುವುದಿಲ್ಲ. ಇವಳದು ಸೋಮಾರಿತನವೇ? ಒತ್ತಾಯ ಮಾಡಬಹುದೇ?
– ಒಬ್ಬ ತಾಯಿ, ರಾಜಾಜಿನಗರ

ಉತ್ತರ: ಹದಿಹರೆಯಕ್ಕೆ ಕಾಲಿಟ್ಟ ಹುಡುಗಿಯರು ಆಟ ಬಿಡುವುದು ಎಲ್ಲ ಕಡೆಯೂ ಇದೆ. 11ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈದಣಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಜಗತ್ತಿನಲ್ಲಿ ಹುಡುಗರ ಪೈಕಿ ಶೇ 78, ಹುಡುಗಿಯರ ಪೈಕಿ ಶೇ 85 ಮಂದಿ ಈ ಮಟ್ಟವನ್ನು ಮುಟ್ಟುತ್ತಿಲ್ಲ. ಆದ್ದರಿಂದ ಸೋಮಾರಿ ಎಂಬ ಮಾತನ್ನು ಸದ್ಯಕ್ಕೆ ಬದಿಗಿಡಿ. ‘ಮೈ ಬರುತ್ತಿದೆ’ ಎಂಬ ಮಾತನ್ನಂತೂ ಅವಳ ಕಿವಿಗೆ ಬೀಳುವಂತೆ ಆಡಲೇಬೇಡಿ. ತನ್ನ ಮೈಯನ್ನು ಎಲ್ಲರೂ ಅಳೆಯುತ್ತಿದ್ದಾರೆಂಬ ಅಳುಕೇ ಈ ವಯಸ್ಸಿನಲ್ಲಿ ಎಷ್ಟೋ ಹುಡುಗಿಯರನ್ನು ಮೈದಾನದಿಂದ ದೂರವಿಡುತ್ತದೆ.

ಯಾವುದಾದರೂ ಹೈಸ್ಕೂಲಿನ ಪಿ.ಟಿ. ಪೀರಿಯಡ್ ನೋಡಿದರೆ ಇದು ಕಣ್ಣಿಗೆ ಬೀಳುತ್ತದೆ: ಓಡುತ್ತಿರುವ ಹುಡುಗಿ ಒಂದು ಕೈಯಿಂದ ಟೀ ಶರ್ಟನ್ನು ಕೆಳಕ್ಕೆ ಎಳೆದುಕೊಳ್ಳುತ್ತಲೇ ಇರುತ್ತಾಳೆ, ಇನ್ನೊಬ್ಬಳು ಸ್ಕೂಲ್ ಬ್ಯಾಗನ್ನು ಎದೆಗವಚಿಕೊಂಡು ಕಟ್ಟೆಯ ಮೇಲೆ ಕೂತಿರುತ್ತಾಳೆ. ಅಳತೆ ಸರಿಯಾದ ಸ್ಪೋರ್ಟ್ಸ್ ಬ್ರಾ, ತುಸು ಸಡಿಲವಾದ ಟೀ ಶರ್ಟ್, ಕಪ್ಪು ಟ್ರ್ಯಾಕ್ ಪ್ಯಾಂಟ್ ಇದ್ದರೆ ಅರ್ಧ ಸಮಸ್ಯೆ ತೀರುತ್ತದೆ. ಅಂಗಡಿಗೆ ಅವಳನ್ನೇ ಕರೆದುಕೊಂಡು ಹೋಗಿ, ಆಯ್ಕೆಯನ್ನು ಅವಳಿಗೇ ಬಿಡಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಸಾಲುಗಳು. ಮಗನನ್ನು ತಂದೆ ಬಿಟ್ಟು ಕರೆತರುತ್ತಾರೆ. ಮಗಳು ಸೇರಿದರೆ ಅವಳನ್ನು ಯಾರು ಕರೆತರುತ್ತಾರೆಂಬುದನ್ನು ನೀವು ಬರೆದಿಲ್ಲ. ಶಾಲೆಯ ವ್ಯಾನ್ ಸಾಮಾನ್ಯವಾಗಿ ಬೆಲ್ ಹೊಡೆದ ಹೊತ್ತಿಗೇ ಹೊರಟುಬಿಡುತ್ತದೆ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಆರು ಗಂಟೆಗೆಲ್ಲ ಕತ್ತಲಾಗುತ್ತದೆ. 2023ರಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸುಗಳ ಪ್ರಯಾಣ ಹೆಣ್ಣುಮಕ್ಕಳಿಗೆ ಉಚಿತವಾಗಿದೆ ನಿಜ, ಆದರೆ ಟಿಕೆಟ್ಟಿನ ದುಡ್ಡಿಗಿಂತ ಸ್ಟಾಪಿನಲ್ಲಿ ಒಬ್ಬಳೇ ನಿಲ್ಲುವುದೇ ಅವಳಿಗೆ ಕಷ್ಟವಾಗಿರಬಹುದು. ಅದೇ ದಾರಿಯಲ್ಲಿ ಬರುವ ಇನ್ನಿಬ್ಬರು ಗೆಳತಿಯರ ಮನೆಯವರೊಡನೆ ಮಾತಾಡಿ, ಕರೆತರುವ ಸರದಿ ಹಂಚಿಕೊಳ್ಳಿ. ಗೆಳತಿಯರು ಜೊತೆಗಿದ್ದರೆ ಸೇರಲೂ ಮನಸ್ಸು ಮಾಡುತ್ತಾಳೆ.

ಶಾಲೆಯವರನ್ನೂ ವಿಚಾರಿಸಿ. ಹೊಸದಾಗಿ ಕಲಿಯುವ ಹುಡುಗಿಯರಿಗೆ ಬೇರೆ ಗುಂಪು ಇದೆಯೇ, ಅಥವಾ ಶಾಲಾ ತಂಡದವರ ಜೊತೆಗೇ ನಿಲ್ಲಿಸಿ ಎಲ್ಲರೆದುರು ಚೆಂಡು ಹಾಕಿಸುತ್ತಾರೆಯೇ? ಶಾಲೆಯ ಆಯಮ್ಮ ಮನೆಗೆ ಹೊರಟ ಮೇಲೆ ಹುಡುಗಿಯರ ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ? ಕ್ಷುಲ್ಲಕವೆನಿಸುವ ಈ ಬೀಗದ ಕಾರಣಕ್ಕೇ ಸಂಜೆಯ ತರಗತಿಯನ್ನು ಬಿಡುವವರಿದ್ದಾರೆ, ಆದರೆ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬಾಸ್ಕೆಟ್‌ಬಾಲ್ ಅವಳಿಗೆ ಹಿಡಿಸದಿರಲೂಬಹುದು. ಸ್ಕಿಪ್ಪಿಂಗ್, ಕರಾಟೆ, ನೃತ್ಯ, ಸೈಕಲ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೂಳೆಗಳು ಗಟ್ಟಿಯಾಗುವ ಕಾಲ ಇದಾದ್ದರಿಂದ ಜಿಗಿಯುವ, ಓಡುವ ಆಟಗಳು ವಾರಕ್ಕೆ ಮೂರು ದಿನವಾದರೂ ಇದ್ದರೆ ಒಳ್ಳೆಯದು. ಅಂದಹಾಗೆ, ಕ್ರಿಕೆಟ್ ತಮ್ಮನ ಪಾಲಿಗೆ ಮಾತ್ರ ಬಂದದ್ದೇಕೆ? ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಇದೇ ಬೆಂಗಳೂರಿನಲ್ಲಿ, ನಮ್ಮವರೇ ಆದ ಶಾಂತಾ ರಂಗಸ್ವಾಮಿ ಅವರ ನಾಯಕತ್ವದಲ್ಲಿ.

ಇನ್ನೊಂದು ಮಾತು. ಮೆಟ್ಟಿಲು ಹತ್ತಿದರೂ ಏದುಸಿರು, ಸದಾ ಸುಸ್ತು ಎನ್ನುತ್ತಿದ್ದರೆ ಮೊದಲು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಒತ್ತಾಯ ಬೇಡ; ‘ಒಂದು ತಿಂಗಳು ಹೋಗಿ ನೋಡು, ಹಿಡಿಸದಿದ್ದರೆ ಬೇರೆ ಹುಡುಕೋಣ’ ಎನ್ನಿ, ಆ ಮಾತನ್ನು ಉಳಿಸಿಕೊಳ್ಳಿ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಎಂದು ಅಷ್ಟರಲ್ಲೇ ಟ್ಯೂಷನ್‌ಗೆ ಸೇರಿಸಿ ಅದೇ ಹೊತ್ತನ್ನು ಕಿತ್ತುಕೊಳ್ಳಬೇಡಿ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ಸಂಜೆಯ ಅಭ್ಯಾಸಕ್ಕೆ ಬರುವುದಿಲ್ಲ. ಆ ದಿನಗಳಲ್ಲಿ ಆಡಬಾರದೇ?
– ಯಶವಂತಪುರ

ಉತ್ತರ: ಆಡಬಹುದು, ಹಗುರವಾದ ವ್ಯಾಯಾಮದಿಂದ ಹಲವರಿಗೆ ಹೊಟ್ಟೆನೋವು ಕಡಿಮೆಯೂ ಆಗುತ್ತದೆ. ವಿಪರೀತ ನೋವು ಅಥವಾ ಸ್ರಾವ ಇದ್ದವರನ್ನು ವೈದ್ಯರಿಗೆ ತೋರಿಸಲು ಮನೆಯವರಿಗೆ ತಿಳಿಸಿ. ಸಾಲಿನಲ್ಲಿ ನಿಲ್ಲಿಸಿ ‘ನಿನ್ನೆ ಯಾಕೆ ಬರಲಿಲ್ಲ’ ಎಂದು ಕೇಳಬೇಡಿ. ಕಾರಣ ಹೇಳದೆಯೇ ಆ ದಿನ ಬರೀ ನಡಿಗೆಯನ್ನೋ ಸ್ಕೋರ್ ಬರೆಯುವ ಕೆಲಸವನ್ನೋ ಆರಿಸಿಕೊಳ್ಳಬಹುದೆಂದು ಎಲ್ಲರಿಗೂ ಮೊದಲೇ ತಿಳಿಸಿಬಿಟ್ಟರೆ ಮನೆಯಲ್ಲಿ ಉಳಿಯುವವರು ಕಡಿಮೆಯಾಗುತ್ತಾರೆ. ಸರ್ಕಾರದ ಶುಚಿ ಯೋಜನೆಯಲ್ಲಿ ಉಚಿತವಾಗಿ ಬರುವ ಸ್ಯಾನಿಟರಿ ನ್ಯಾಪ್‌ಕಿನ್‌ಗಳು ಕಚೇರಿಯ ಬೀರುವಿನಲ್ಲಿದ್ದರೆ ಸಂಜೆಗೆ ಸಿಗುವುದಿಲ್ಲ. ಕೆಲವನ್ನು ಶಿಕ್ಷಕಿಯೊಬ್ಬರ ಮೂಲಕ ಹುಡುಗಿಯರ ಕ್ರೀಡಾ ಸಾಮಗ್ರಿಯ ಪೆಟ್ಟಿಗೆಯಲ್ಲೇ ಇಡಿಸಿ.