ಗುತ್ತಿಗೆ ಕೊಡದೆ ನಾವೇ ನಿಂತು ಮನೆ ಕಟ್ಟಿಸಬಹುದೇ? ಯಾವುದರ ಮೇಲೆ ಕಣ್ಣಿಡಬೇಕು?

ನಿಮ್ಮದು 30×40 ಸೈಟು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಸಾಮಾನು ನೀವೇ ತಂದುಕೊಟ್ಟು, ಕೂಲಿ ಮಾತ್ರ ಮೇಸ್ತ್ರಿಗೆ ಒಪ್ಪಿಸಬೇಕು ಅಂತ ಇದ್ದೀರಿ. ಕಟ್ಟಡದ ಬಗ್ಗೆ ಏನೂ ಗೊತ್ತಿಲ್ಲದವರು ಯಾವುದರ ಮೇಲೆ ಕಣ್ಣಿಡಬೇಕು, ಯಾವ ಕೆಲಸ ನಮ್ಮ ಕೈಯಾರೆ ಮಾಡಬಹುದು ಅಂತ ಕೇಳಿದ್ದೀರಿ.

ಧೈರ್ಯವಾಗಿ ಮಾಡಿ. ತುಮಕೂರಿನಲ್ಲಿ ನಾವು ಹಾಗೇ ಕಟ್ಟಿಸಿದ್ದು. ಚದರಕ್ಕೆ (ಅಂದರೆ 100 ಚದರಡಿಗೆ) ಇಷ್ಟು ಅಂತ ಕೂಲಿ ಮಾತಾಡಿದೆವು, ಸಾಮಾನೆಲ್ಲ ನಮ್ಮದು. ಆಮೇಲೆ ತಂಗಿಯ ಮನೆ ಕೆಲಸಕ್ಕೂ ನಾನೇ ನಿಂತೆ. ನನಗೆ ಕೇಳಿದರೆ, ನೀವು ಕಣ್ಣಿಡಬೇಕಾದದ್ದು ನೀರಿನ ಮೇಲೆ. ಯಾವ ಕಂಪನಿ ಸಿಮೆಂಟು, ಯಾವ ಕಂಪನಿ ಕಬ್ಬಿಣ ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಐಎಸ್‌ಐ ಗುರುತು ಇರುವ ಸಾಮಾನನ್ನು ಬಿಲ್ ಹಾಕಿಸಿ ತಂದರೆ ಅಲ್ಲಿ ದೊಡ್ಡ ತಪ್ಪಾಗುವುದು ಕಡಿಮೆ. ಮನೆ ಕಟ್ಟಿದ ಮೇಲೆ ಜನ ವರ್ಷಗಟ್ಟಲೆ ಒದ್ದಾಡುವುದು ಸೋರುವ ತಾರಸಿ, ಒದ್ದೆ ಗೋಡೆ, ಉದುರುವ ಬಣ್ಣ, ಬಿರುಕಿನ ಜೊತೆ. ಇದರಲ್ಲಿ ಬಹುಪಾಲಿಗೆ ಕಾರಣ ನೀರೇ.

ಆಫೀಸಿಗೆ ರಜೆ ಹಾಕುವುದಾದರೆ ಕಾಂಕ್ರೀಟ್ ಹಾಕುವ ದಿನಕ್ಕೆ ಇಟ್ಟುಕೊಳ್ಳಿ. ಅದರಲ್ಲೂ ಮೋಲ್ಡ್ (ಛಾವಣಿಯ ಕಾಂಕ್ರೀಟ್) ಹಾಕುವ ದಿನ ಬೆಳಗ್ಗೆಯಿಂದ ಮಿಕ್ಸರ್ ಪಕ್ಕದಲ್ಲೇ ಇರಿ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನ ಜೊತೆ ಕೂಡಿಕೊಂಡು. ಅದಕ್ಕೆ ಬೇಕಾಗುವ ನೀರು ತುಂಬಾ ಕಡಿಮೆ. ಹೆಚ್ಚಿಗೆ ಹಾಕಿದ ನೀರು ಆಮೇಲೆ ಆವಿಯಾಗಿ ಹೋಗುತ್ತದೆ, ಅದಿದ್ದ ಜಾಗದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು ಉಳಿಯುತ್ತವೆ. ಮಳೆನೀರು ಇಳಿದು ಒಳಗಿನ ಕಬ್ಬಿಣ ಮುಟ್ಟುವುದು ಅದೇ ದಾರಿಯಲ್ಲಿ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಎಂ20 ಕಾಂಕ್ರೀಟ್ ಅಂದರೆ ಒಂದು ಪಾಲು ಸಿಮೆಂಟು, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ. ಹೀಗೆ ಸೈಟಿನಲ್ಲೇ ಕಲಸುವ ಎಂ20ಗೆ 50 ಕೆಜಿಯ ಒಂದು ಮೂಟೆಗೆ ಹೆಚ್ಚೆಂದರೆ 30 ಲೀಟರ್ ನೀರು ಅಂತ ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456:2000 ಹೇಳುತ್ತದೆ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಒದ್ದೆಯಾಗಿದ್ದರೆ ಅದರಲ್ಲಿರುವ ನೀರೂ ಈ 30 ಲೀಟರಿಗೇ ಸೇರಬೇಕು.

ಸೈಟಿನಲ್ಲಿ ಏನಾಗುತ್ತದೆ ಗೊತ್ತಾ? ಪೈಪು ಹಿಡಿದು ಸುಮ್ನೆ ಬಿಡುತ್ತಾರೆ. ತೆಳ್ಳಗಿದ್ದರೆ ಸುರಿಯಲು, ಹರಡಲು ಸಲೀಸು. ಅವರನ್ನು ಬೈಯಬೇಡಿ, ಬಿಸಿಲಿನಲ್ಲಿ ಬಾಂಡ್ಲಿ ಹೊರುವವರಿಗೆ ಸಲೀಸಾದ ದಾರಿ ಬೇಕೇ ಬೇಕು. ಅದರ ಬದಲು ಮೊದಲೇ ಏರ್ಪಾಡು ಮಾಡಿಕೊಳ್ಳಿ. ಪೈಪು ಡ್ರಮ್ಮಿಗೆ ಬಿಡಿ, ಮಿಕ್ಸರಿಗೆ ನೀರು ಹೋಗುವುದು ಅಳತೆಯ ಬಕೆಟ್‌ನಲ್ಲಿ ಮಾತ್ರ ಅಂತ ಹಿಂದಿನ ದಿನವೇ ಮೇಸ್ತ್ರಿ ಹತ್ತಿರ ಮಾತಾಡಿ. ಕಾಂಕ್ರೀಟನ್ನು ಅದುರಿಸಿ ಒಳಗಿನ ಗಾಳಿ ಹೊರಡಿಸುವ ವೈಬ್ರೇಟರ್ ಇರಲೇಬೇಕು, ಸಾಧ್ಯವಾದರೆ ಬಾಡಿಗೆಗೆ ಎರಡು ತರಿಸಿ. ಒಂದು ಕೆಟ್ಟರೆ ಅವತ್ತು ಇನ್ನೊಂದನ್ನು ಹುಡುಕಲು ಸಮಯ ಇರುವುದಿಲ್ಲ. ನೀರು ಹೆಚ್ಚಿಸದೆ ಕಾಂಕ್ರೀಟನ್ನು ಸಡಿಲ ಮಾಡುವ ಪ್ಲಾಸ್ಟಿಸೈಸರ್ ಡಬ್ಬಿಯಲ್ಲಿ ಸಿಗುತ್ತದೆ, ಡಬ್ಬಿ ಮೇಲಿನ ಅಳತೆ ಮೀರದೆ ಅದನ್ನೂ ಬಳಸಬಹುದು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಗಟ್ಟಿಯಾಗಲು ಶುರುವಾದ ಕಾಂಕ್ರೀಟಿಗೆ ಮತ್ತೆ ನೀರು ಹಾಕಿ ಕಲಸಲು ಮಾತ್ರ ಬಿಡಬೇಡಿ. ಒಂದು ಮಿಕ್ಸ್ ಹಾಳಾದರೆ ಹಾಳಾಗಲಿ.

ಇನ್ನು ನೀರು ಹೊಡೆಯುವುದು, ಅಂದರೆ ಕ್ಯೂರಿಂಗ್. ನೀವು ಕೈಯಾರೆ ಮಾಡಬಹುದಾದ ಕೆಲಸ ಯಾವುದು ಅಂತ ಕೇಳಿದಿರಲ್ಲ, ನನ್ನ ಪ್ರಕಾರ ಮೊದಲನೆಯದು ಇದೇ. ಕೂಲಿ ಮಾತಾಡುವಾಗ ಕ್ಯೂರಿಂಗ್ ಯಾರದು ಅಂತ ಎಷ್ಟೋ ಸಲ ಬಾಯಿಬಿಟ್ಟು ಹೇಳಿಯೇ ಇರುವುದಿಲ್ಲ. ಈಗ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿಯಂಥದ್ದು ಬೆರೆಸಿದ) ಸಿಮೆಂಟಿಗೆ ಕಡಿಮೆ ಅಂದರೂ 10 ದಿನ ನೀರು ಕೊಡಬೇಕು, 14 ದಿನ ಕೊಟ್ಟರೆ ಒಳ್ಳೆಯದು. ಮೋಲ್ಡ್ ಮೇಲೆ ಗದ್ದೆಯ ಮಡಿಯ ಹಾಗೆ ಗಾರೆಯಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ ನೋಡಿದರೆ ಸಾಕು. ಕಂಬಗಳದ್ದೇ ಕಷ್ಟ. ನೀರು ನಿಲ್ಲುವುದಿಲ್ಲ, ಬಿಸಿಲು ನಾಲ್ಕೂ ಕಡೆಯಿಂದ ಹೊಡೆಯುತ್ತದೆ. ಗೋಣಿಚೀಲ ಸುತ್ತಿ, ಹಗ್ಗದಲ್ಲಿ ಕಟ್ಟಿ, ಚೀಲ ಒಣಗದ ಹಾಗೆ ನೋಡಿಕೊಳ್ಳಿ. ಹಗಲು ನಿಮಗೆ ಆಗದಿದ್ದರೆ ಪಕ್ಕದ ಮನೆಯವರಿಗೋ ವಾಚ್‌ಮನ್‌ಗೋ ಇಷ್ಟು ಅಂತ ದುಡ್ಡು ಕೊಟ್ಟು ಒಪ್ಪಿಸಿ. ಇಡೀ ಮನೆಯಲ್ಲಿ ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಗಟ್ಟಿತನ ಕೊಡುವ ಕೆಲಸ ಇನ್ನೊಂದಿಲ್ಲ. ಸೆಂಟ್ರಿಂಗ್ (ಮೋಲ್ಡ್ ಕೆಳಗಿನ ಹಲಗೆ, ಆಸರೆ ಕೋಲು) ಬಾಡಿಗೆ ಓಡುತ್ತಿದೆ, ಬಿಚ್ಚೋಣ ಅಂತ ಅವಸರ ಮಾಡುತ್ತಾರೆ. ಎಂಜಿನಿಯರ್ ಹೇಳುವವರೆಗೆ ಒಂದು ಆಸರೆ ಕೋಲನ್ನೂ ಅಲ್ಲಾಡಿಸಲು ಬಿಡಬೇಡಿ, ಬಾಲ್ಕನಿ ಕೆಳಗಂತೂ ಬೇಡವೇ ಬೇಡ.

ಗೋಡೆ, ಗಿಲಾಯಿ (ಪ್ಲಾಸ್ಟರಿಂಗ್) ಬರುವ ಹೊತ್ತಿಗೆ ಸಣ್ಣ ಸಣ್ಣ ವಿಷಯಗಳೇ ದೊಡ್ಡವಾಗುತ್ತವೆ. ಕಿಟಕಿ ಮೇಲಿನ ಸಜ್ಜಾದ ತಳ ನೋಡಿ. ಅಂಚಿನ ಹತ್ತಿರ ಉದ್ದಕ್ಕೂ ಒಂದು ಸಣ್ಣ ತೋಡು ತೆಗೆಸಿರಬೇಕು. ಅದಿಲ್ಲದಿದ್ದರೆ ಮಳೆನೀರು ಸಜ್ಜಾದ ತಳಕ್ಕೆ ಅಂಟಿಕೊಂಡೇ ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ತೋಡು ಇದ್ದರೆ ಅಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಗಾರೆ ಹಸಿಯಿದ್ದಾಗ ಒಂದು ಪಟ್ಟಿ ಒತ್ತಿ ತೆಗೆದರೆ ಮುಗಿಯಿತು, ಖರ್ಚೇ ಇಲ್ಲ. ಆದರೂ ಹೇಳದಿದ್ದರೆ ಮಾಡುವುದಿಲ್ಲ. ಕಿಟಕಿಯ ಕೆಳಗಿನ ಕಲ್ಲು ಹೊರಗೆ ಸ್ವಲ್ಪ ಇಳಿಜಾರಾಗಿರಲಿ. ತಾರಸಿಗೆ 10 ಅಡಿಗೆ ಸುಮಾರು ಒಂದೂಕಾಲು ಇಂಚು ಇಳಿಜಾರು ಕೇಳಿ. ಆಮೇಲೆ ನೀವೇ ಬಕೆಟ್ ನೀರು ಸುರಿದು ನೋಡಿ. ಎಲ್ಲಿ ಮಡು ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ ಅವತ್ತೇ ತಿದ್ದಿಸಿ. ತಾರಸಿ ಮತ್ತು ಪ್ಯಾರಾಪೆಟ್ ಸೇರುವ ಮೂಲೆಯನ್ನು ಗಾರೆಯಿಂದ ಇಳಿಜಾರಾಗಿ ತುಂಬಿಸಿ. ಸೋರಿಕೆ ಹೆಚ್ಚಾಗಿ ಶುರುವಾಗುವುದು ಆ ಸಂದಿಯಲ್ಲೇ.

ಬಚ್ಚಲುಮನೆ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹಟಮಾರಿ. ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಕುವ ಮುಂಚೆ, ನಹಾನಿ ಟ್ರ್ಯಾಪ್ (ನೆಲದ ನೀರು ಹೊರಹೋಗುವ ಕಿಂಡಿ) ಬಾಯಿ ಮುಚ್ಚಿ ಎರಡು ದಿನ ನೀರು ನಿಲ್ಲಿಸಿ. ಕೆಳಗಿನ ಮನೆಯ ಛಾವಣಿಯಲ್ಲಿ, ಪೈಪು ಹಾದುಹೋದ ತೂತಿನ ಸುತ್ತ ಪಸೆ ಬಂತಾ ನೋಡಿ. ಟೈಲ್ಸ್ ಹಾಕಿದ ಮೇಲೆ ಸೋರಿದರೆ ಪ್ಲಂಬರ್ ಟೈಲ್ಸ್‌ನವನ ಕಡೆ ಬೆರಳು ತೋರಿಸುತ್ತಾನೆ, ಅವನು ಇವನ ಕಡೆ. ಒಡೆಸಿ ಮತ್ತೆ ಮಾಡಿಸುವ ಖರ್ಚು ನಿಮ್ಮ ತಲೆಗೆ. ಹಾಗೆಯೇ ಗೋಡೆಯೊಳಗಿನ ನೀರಿನ ಪೈಪುಗಳನ್ನು ಗಿಲಾಯಿಗೆ ಮುಂಚೆ ಪ್ರೆಶರ್ ಪಂಪಿನಿಂದ ಪರೀಕ್ಷೆ ಮಾಡಿಸಿ, ರಾತ್ರಿಯಿಡೀ ಹಾಗೇ ಬಿಡಿಸಿ. ಬೆಳಗ್ಗೆ ಪಂಪಿನ ಮೀಟರಿನ ಮುಳ್ಳು ಕೆಳಗಿಳಿದಿದ್ದರೆ ಎಲ್ಲೋ ಸೋರುತ್ತಿದೆ. ಪೈಪು, ವೈರಿಂಗ್ ಕೊಳವೆಗಳು ಮುಚ್ಚಿಹೋಗುವ ಮೊದಲು ಪಕ್ಕದಲ್ಲಿ ಟೇಪು ಹಿಡಿದು ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಡ್ರಿಲ್ ಹಿಡಿಯುವ ದಿನ ಬೇಕಾಗುತ್ತದೆ.

ಕೈಯಾರೆ ಮಾಡುವ ಬೇರೆ ಕೆಲಸಗಳು ಸುಲಭ. ಮಾರ್ಕಿಂಗ್ ಮೂಲೆ ಸರಿಯಿದೆಯಾ ಅಂತ ಒಂದು ಬದಿ 6 ಅಡಿ, ಇನ್ನೊಂದು 8 ಅಡಿ ಗುರುತು ಮಾಡಿ ಅಡ್ಡಕ್ಕೆ ಅಳೆಯಿರಿ, ಸರಿಯಾಗಿ 10 ಅಡಿ ಬರಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪಿಗಿಂತ ನಂಬಿಕಸ್ಥ ಸಾಧನ ಬೇಡ, ಒಳಗೆ ಗಾಳಿಗುಳ್ಳೆ ಇರಬಾರದು ಅಷ್ಟೇ. ಟೈಲ್ಸ್ ಸಂದಿಗೆ ಗ್ರೌಟ್ ತುಂಬುವುದು, ನಲ್ಲಿ ವಾಷರ್ ಬದಲಿಸುವುದು, ಶೆಲ್ಫ್ ಕೂರಿಸುವುದು, ಬಣ್ಣ ಹೊಡೆಯುವುದು ಎಲ್ಲ ಕಲಿಯಬಹುದು. ಕರೆಂಟಿನ ಕೆಲಸ ಲೈಸೆನ್ಸ್ ಇರುವವರಿಗೇ ಬಿಡಿ. 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿದ್ದಾರಾ ಅಂತ ಮಾತ್ರ ನೀವೇ ನೋಡಿ.

ಬಣ್ಣಕ್ಕೆ ಅವಸರ ಬೇಡ. ಹೊಸ ಗಿಲಾಯಿಗೆ ಒಂದು ತಿಂಗಳಾದರೂ ಒಣಗಲು ಬಿಡಿ. ಗೋಡೆಯಲ್ಲಿ ಪಸೆ ಇದೆ ಅನ್ನಿಸಿದರೆ ಒಂದು ಚದರಡಿ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ, ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಂಡರೆ ಅದು ಕೋಣೆಯ ತೇವ, ಕಿಟಕಿ ತೆರೆದು ಗಾಳಿ ಆಡಿಸಿದರೆ ಸಾಕು. ಗೋಡೆಯಿಂದ ಬರುತ್ತಿದ್ದರೆ ಯಾವ ದುಬಾರಿ ಬಣ್ಣವೂ ನಿಲ್ಲುವುದಿಲ್ಲ, ಮೊದಲು ಮೂಲ ಹುಡುಕಿ.

ಕೊನೆಗೆ ಮಳೆನೀರು. ಬೆಂಗಳೂರಿನಲ್ಲಿ 1200 ಚದರಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಜಲಮಂಡಳಿ ಮಳೆನೀರು ಕೊಯ್ಲನ್ನು ಕಡ್ಡಾಯ ಮಾಡಿದೆ. ಬೇರೆ ಊರಾದರೂ ಮಾಡಿ. 1000 ಚದರಡಿ ತಾರಸಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ 1990ರ ದಶಕದಿಂದ ಮಳೆನೀರಿನ ಮೇಲೇ ನಡೆಯುತ್ತಿದೆ. ನೀವು ಈಗ ಮಾಡಬೇಕಾದ್ದು ಇಷ್ಟೇ: ತಾರಸಿಯ ಪೈಪುಗಳೆಲ್ಲ ಸಂಪು ಇರುವ ಬದಿಗೇ ಇಳಿಯುವ ಹಾಗೆ ಪ್ಲಾನಿನಲ್ಲೇ ಬರೆಸಿ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡಲು ಒಂದು ವಾಲ್ವ್ ಇಡಿಸಿ. ಕಾಲಂ ಗುರುತು ಹಾಕುವ ಮುಂಚೆ ಎಂಜಿನಿಯರ್‌ಗೆ ಇದನ್ನು ಹೇಳಿ. ಸಂಪಿನ ಜಾಗ ಅವತ್ತೇ ನಿರ್ಧಾರವಾಗುತ್ತದೆ.