180 ಡಿಗ್ರಿ ಮನೆಗೆ ಯಾವ ಗುವಾ?

ಪ್ರಶ್ನೆ: ಸರ್, ನಾವು ಸಿಂಗಪುರದಲ್ಲಿ ಫ್ಲ್ಯಾಟ್ ತಗೊಂಡಿದ್ದೇವೆ. ಮನೆಯ ಮುಖ ಮೊಬೈಲ್ ದಿಕ್ಸೂಚಿಯಲ್ಲಿ ಸರಿಯಾಗಿ 180 ಡಿಗ್ರಿ. ಫೆಂಗ್ ಶೂಯಿ (ಚೀನೀ ವಾಸ್ತು) ಆ್ಯಪ್ ಅದಕ್ಕೆ ‘ಚಿಯೆನ್’ ಗುವಾ, ಅಂದರೆ ಆ ದಿಕ್ಕಿನ ಗೆರೆಗಳ ಗುರುತು, ಅಂತ ತೋರಿಸಿತು. ಮನೆ ನೋಡಿದ ಒಬ್ಬರು, ‘ಮನೆ ಮುಂದಿನ ಗುವಾದ ಅಂಕಿ, ಹಿಂದಿನ ಗುವಾದ ಅಂಕಿ ಕೂಡಿದರೆ ಹತ್ತು, ಅಪರೂಪದ ಯೋಗ’ ಎಂದು ಅದನ್ನು ಎಬ್ಬಿಸಲು ದುಡ್ಡು ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಒಂದು ಪೈಸೆಯೂ ಕೊಡಬೇಡಿ. ಈ ‘ಹತ್ತರ ಯೋಗ’ದ ಪತ್ರಗಳನ್ನು ಓದಿ ಓದಿ ನನಗೆ ಸಾಕಾಗಿದೆ. ಫೆಂಗ್ ಶೂಯಿ ಚಕ್ರದಲ್ಲಿ ಆರು ಗೆರೆಯ ಗುವಾಗಳು 64. ಒಂದು ಗುವಾದ ಆರೂ ಗೆರೆ ಬದಲಿಸಿ, ಅಂದರೆ ಇಡೀ ಗೆರೆ ಇದ್ದಲ್ಲಿ ತುಂಡು ಗೆರೆ, ತುಂಡು ಇದ್ದಲ್ಲಿ ಇಡೀ ಗೆರೆ ಹಾಕಿ. ಆಗ ಸಿಗುವ ಗುವಾ ಅದರ ನೇರ ಎದುರಿಗೇ ಕೂತಿರುತ್ತದೆ. ಪ್ರತಿ ಗುವಾಕ್ಕೂ ಒಂದು ಅಂಕಿ ಇದೆ. ಚಿಯೆನ್‌ಗೆ 9, ಎದುರಿನ ಖುನ್‌ಗೆ 1. ಹಾಗೇ 8ಕ್ಕೆ 2, 7ಕ್ಕೆ 3, 6ಕ್ಕೆ 4. ಚಕ್ರ ಬರೆದಿರುವುದೇ ಹಾಗೆ. ನಿಮ್ಮ ಮನೆಗೂ ಹತ್ತು, ಪಕ್ಕದ ಮನೆಗೂ ಹತ್ತು. ಎಲ್ಲರಿಗೂ ಬರುವುದು ಅಪರೂಪ ಹೇಗಾಗುತ್ತದೆ? ಮನೆಯ ಮುಖದ ಗುವಾವನ್ನು ಬಾಗಿಲು, ಎದುರಿನ ರಸ್ತೆ, ನೀರು ಇವುಗಳ ಗುವಾ ಜೊತೆ ಹೊಂದಿಸಿ ನೋಡಬೇಕು. ಅದು ನಿಜವಾದ ಲೆಕ್ಕ.

ಇನ್ನು 180. ಒಂದು ಗುವಾಕ್ಕೆ ಸಿಗುವ ಜಾಗ 5.625 ಡಿಗ್ರಿ ಅಷ್ಟೇ. ಚಿಯೆನ್ 174.375ರಿಂದ 180ರವರೆಗೆ. ಅಲ್ಲಿಂದಾಚೆ ‘ಗೋವ್’. ನಿಮ್ಮ ಮನೆ ಎರಡರ ನಡುವಿನ ಗೆರೆ ಮೇಲಿದೆ. ಎರಡಕ್ಕೂ ಮೊದಲ ಅಂಕಿ 9. ಆದರೆ ಎರಡನೆಯದು, ಅಂದರೆ ಗುವಾ ಯಾವ ಕಾಲಕ್ಕೆ ಸೇರಿದ್ದು ಎಂದು ಹೇಳುವ ಕಾಲದ ಅಂಕಿ, ಚಿಯೆನ್‌ಗೆ 1, ಗೋವ್‌ಗೆ 8. ಅರ್ಧ ಡಿಗ್ರಿ ಆಚೀಚೆ ಆದರೂ ಲೆಕ್ಕವೇ ಬೇರೆ. ಎರಡು ಗುವಾ ನಡುವಿನ ಗೆರೆಯನ್ನು ಹಳಬರು ಖಾಲಿ ಗೆರೆ ಎಂದು ಬಿಟ್ಟುಬಿಡುತ್ತಿದ್ದರು. ಆ್ಯಪ್‌ಗೆ ಅದೆಲ್ಲ ಗೊತ್ತಾಗಲ್ಲ, ಸುಮ್ನೆ ಒಂದು ಹೆಸರು ಹೇಳಿಬಿಡುತ್ತದೆ.

ಅದೂ ಅಲ್ಲದೆ, ಅಲ್ಲಿನ ಫ್ಲ್ಯಾಟ್‌ಗಳಿಗೆ ಬಾಗಿಲ ಹೊರಗೆ ಕಬ್ಬಿಣದ ಗೇಟ್ ಇರುತ್ತದೆ ಅಲ್ವಾ? ಅಂಥದೇ ಒಂದು ಮನೆಯಲ್ಲಿ ಗೇಟಿನ ಹತ್ತಿರ ನಿಂತಾಗ ನನ್ನ ಲುವೊಪಾನ್ (ಫೆಂಗ್ ಶೂಯಿ ದಿಕ್ಸೂಚಿ ಚಕ್ರ) 176 ತೋರಿಸಿತು. ಕಾರಿಡಾರಿನಲ್ಲಿ ಮೂರು ಹೆಜ್ಜೆ ಸರಿದೆ, 183. ಕಬ್ಬಿಣ ಮುಳ್ಳನ್ನು ಎಳೆಯುತ್ತದೆ. ಚಕ್ರವನ್ನು ಸೊಂಟದ ಮಟ್ಟಕ್ಕೆ ಹಿಡಿದು, ನಡುವಿನ ಗುಂಡಿಯ ತಳದ ಕೆಂಪು ಗೆರೆ ಮೇಲೆ ಮುಳ್ಳು ಬಂದು ನಿಲ್ಲುವ ತನಕ ತಿರುಗಿಸಿ. ಆಮೇಲೆ ಚಕ್ರದ ಮೇಲೆ ಅಡ್ಡಲಾಗಿ ಎಳೆದಿರುವ ಕೆಂಪು ದಾರದ ಕೆಳಗೆ ಓದಿ. ಮೂರು ಜಾಗದಲ್ಲಿ ಅಳೆಯಿರಿ. ಮೂರೂ ಒಂದೇ ಗುವಾದೊಳಗೆ ಬೀಳದಿದ್ದರೆ ನಾನು ಗುವಾ ಹೇಳುವುದೇ ಇಲ್ಲ. ಅಲ್ಲಿಯವರೆಗೆ ದಿಕ್ಕು ಬದಲಿಸಲು ಬಾಗಿಲು ಒಡೆಸುವ ಮಾತೂ ಬೇಡ.

ಪ್ರಶ್ನೆ: ಮೂರು ನಾಣ್ಯ ಎಸೆದು ಬಂದ ಗುವಾವನ್ನು ಮನೆಗೆ ಹಾಕಬಹುದಾ?

ಉತ್ತರ: ಇಲ್ಲ. ಅದು ಶಕುನ ಕೇಳುವ ವಿಧಾನ. ಮನೆಯದ್ದು ಅಳತೆಯಿಂದಲೇ ಬರಬೇಕು.

ಪ್ರಶ್ನೆ: 2024ರಿಂದ ಫೆಂಗ್ ಶೂಯಿಯ ಇಪ್ಪತ್ತು ವರ್ಷದ ಒಂಬತ್ತನೇ ಕಾಲವಂತೆ. ದಕ್ಷಿಣಕ್ಕೆ ಮುಖವಿರುವ ಮನೆಗಳೆಲ್ಲ ಒಳ್ಳೆಯವಾ?

ಉತ್ತರ: ಕಾಲ 2043ರವರೆಗೆ ಇರುವುದು ನಿಜ. ಉಳಿದದ್ದು ಮನೆ ಮಾರುವವರ ಮಾತು.

ಪ್ರಶ್ನೆ: ಗುವಾ ಕನ್ನಡಿಯನ್ನು ಹಾಲ್‌ನಲ್ಲಿ ನೇತು ಹಾಕಿದ್ದೇವೆ, ಸರಿಯಾ?

ಉತ್ತರ: ಇವತ್ತೇ ತೆಗೆಯಿರಿ. ಅದು ಬಾಗಿಲ ಹೊರಗೆ ಹಾಕುವ ಕನ್ನಡಿ. ಅದರಲ್ಲಿರುವುದು ಮೂರು ಗೆರೆಯ ಎಂಟು ಗುವಾ, ಈ 64ರ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.