ಓದುಗರ ಪ್ರಶ್ನೆ: ಹಳೇ ಪೆಟ್ರೋಲ್ ಬಂಕ್ ಜಾಗದಲ್ಲಿ ಬೋರ್ ಕೊರೆಸಬಹುದಾ?

ಪ್ರಶ್ನೆ: ಮನೆ ಕಟ್ಟೋಕೆ ಒಂದು ಸೈಟ್ ನೋಡಿದೀವಿ ಸರ್, ಅಲ್ಲಿ ಮೊದಲು ಪೆಟ್ರೋಲ್ ಬಂಕ್ ಇತ್ತಂತೆ. ಟ್ಯಾಂಕ್‌ಗಳನ್ನೆಲ್ಲ ಕಿತ್ತು ಹೊಸ ಮಣ್ಣು ತುಂಬಿಸಿದಾರೆ, ವಾಸನೆನೂ ಇಲ್ಲ. ಒಂದು ಬೋರ್ ಕೊರೆಸಿ ನೀರು ಟೆಸ್ಟ್ ಮಾಡಿಸಿದ್ರೆ ಸಾಕಲ್ವಾ?

ಉತ್ತರ: ದಯವಿಟ್ಟು ಬೋರ್ ಮಾತ್ರ ಈಗಲೇ ಕೊರೆಸಬೇಡಿ. ಕೆಳಗೆ ಯಾವ್ಯಾವ ಪದರ ಇದೆ, ನೀರು ಎಷ್ಟು ಆಳದಲ್ಲಿದೆ, ಯಾವ ಕಡೆ ಹರೀತಿದೆ ಅಂತ ಮೊದಲು ಗೊತ್ತಾಗ್ಬೇಕು.

ಟ್ಯಾಂಕಿಗೋ ಪೈಪಿನ ಜಾಯಿಂಟಿಗೋ ತುಕ್ಕು ಹಿಡಿದು ಸೋರಿದ ಪೆಟ್ರೋಲ್ ಕೆಳಗಿಳೀತಾ ಒಂದಿಷ್ಟು ಮಣ್ಣಿನ ಕಣಗಳ ಮಧ್ಯೆನೇ ಅಂಟ್ಕೊಳ್ಳತ್ತೆ, ಉಳಿದಿದ್ದು ಅಂತರ್ಜಲದ ಮೇಲೆ ಹೋಗಿ ತೇಲತ್ತೆ ಯಾಕಂದ್ರೆ ಅದು ನೀರಿಗಿಂತ ಹಗುರ, ಲೀಟರಿಗೆ ಸುಮಾರು 740 ಗ್ರಾಂ ಅಷ್ಟೇ. ಆದ್ರೆ ಅದರೊಳಗಿನ ಬೆಂಜೀನ್ ಅನ್ನೋ ವಿಷಕಾರಿ ರಾಸಾಯನಿಕ ನೀರಲ್ಲಿ ಕರಗತ್ತೆ, ಕರಗಿದ್ಮೇಲೆ ನೀರು ಹರಿಯೋ ಕಡೆ ಅದೂ ಹೋಗತ್ತೆ. ಮಳೆಗಾಲದಲ್ಲಿ ನೀರಿನ ಮಟ್ಟ ಏರಿ ಬೇಸಿಗೇಲಿ ಇಳಿದಾಗ ತೇಲ್ತಿರೋ ಪೆಟ್ರೋಲೂ ಏರಿ ಇಳಿದು ಅಷ್ಟೂ ಎತ್ತರದ ಮಣ್ಣಿಗೆ ಮೆತ್ಕೊಂಡಿರತ್ತೆ. ಅದಕ್ಕೇ ಒಂದು ಸಲ ಟೆಸ್ಟ್ ಚೆನ್ನಾಗಿ ಬಂತು ಅಂತ ನಂಬೋ ಹಾಗಿಲ್ಲ.

ಪದರ ಯಾಕೆ ಮುಖ್ಯ ಅಂದ್ರೆ, ಮರಳಿದ್ರೆ ನೀರು ಬೇಗ ಹರಿಯತ್ತೆ, ಕೊಳೆಯೂ ದೂರ ಹೋಗತ್ತೆ. ಜೇಡಿಮಣ್ಣಿದ್ರೆ ಬಚಾವ್ ಅನ್ಕೋತಾರೆ, ಅದು ಅರ್ಧ ಸತ್ಯ. ಜೇಡಿಮಣ್ಣು ತಡೆಯತ್ತೆ ನಿಜ, ಆದ್ರೆ ನಿಧಾನಕ್ಕೆ ಹೀರ್ಕೊಂಡು ಮೇಲೆಲ್ಲ ಕ್ಲೀನ್ ಆದ್ಮೇಲೂ ವರ್ಷಗಟ್ಟಲೆ ವಾಪಸ್ ಬಿಡ್ತಾ ಇರತ್ತೆ. ಟ್ಯಾಂಕ್ ಇಡೋಕೆ ತೋಡಿ ಮರಳು, ಜಲ್ಲಿ ತುಂಬಿದ ಗುಂಡಿ ಇರತ್ತಲ್ಲ, ಸುತ್ತ ಜೇಡಿಮಣ್ಣಿದ್ರೆ ಅದು ಬೋಗುಣಿ ಥರ ನೀರು ಹಿಡ್ಕೊಂಡು ಕೂತಿರತ್ತೆ. ಕೆಳಗೆ ಬಂಡೆ ಇದ್ದರಂತೂ ಲೆಕ್ಕಾನೇ ಬೇರೆ, ಶಿಥಿಲವಾದ ಕಲ್ಲು ದಾಟಿದ್ಮೇಲೆ ನೀರು ಬಿರುಕುಗಳಲ್ಲೇ ಓಡೋದು, ನೆಲ ಇಳಿಜಾರಿರೋ ಕಡೆಗೇ ಹೋಗತ್ತೆ ಅಂತ ಹೇಳೋಕಾಗಲ್ಲ.

ನಿಮ್ಮ ಬೋರ್ ಬಗ್ಗೆ ನನಗೆ ಭಯ ಇರೋದೂ ಇಲ್ಲೇ. ಮೇಲಿನ ಕೊಳೆ ನೀರನ್ನ ತಡೆದಿರೋ ಜೇಡಿಮಣ್ಣಿನ ಪದರವನ್ನ ನೀವೇ ತೂತು ಮಾಡಿ, ಕೇಸಿಂಗ್ (ಬೋರಿಗೆ ಇಳಿಸೋ ಪೈಪ್) ಸುತ್ತ ಸಿಮೆಂಟ್ ಸರಿಯಾಗಿ ತುಂಬಿಸದೆ ಬಿಟ್ರೆ, ಕೆಳಗಿನ ಒಳ್ಳೇ ನೀರಿಗೂ ದಾರಿ ಮಾಡಿಕೊಟ್ಟ ಹಾಗೆ. ಅದರ ಜೊತೆಗೆ ಪಂಪ್ ಓಡಿಸಿದ್ರೆ ಸುತ್ತಲಿನ ನೀರು ಬೋರ್ ಕಡೆಗೇ ವಾಲತ್ತೆ, ಆಚೆ ಇದ್ದ ಬೆಂಜೀನೂ ಬರತ್ತೆ.

ಭೂವಿಜ್ಞಾನಿಯೊಬ್ಬರನ್ನ ಕರೆಸಿ, ನೀರಿನ ಮಟ್ಟದವರೆಗೆ ಮಾತ್ರ ಹೋಗೋ ಸಣ್ಣ ಪರೀಕ್ಷಾ ಬಾವಿಗಳನ್ನ ಕೊರೆಸಿ. ಕಡಿಮೆ ಅಂದ್ರೂ ಮೂರು ಬೇಕು, ಮೂರೂ ಒಂದೇ ಸಾಲಲ್ಲಿ ಇರಬಾರ್ದು, ಮೂರು ಕಡೆಯ ಮಟ್ಟ ಅಳೆದ್ರೇನೇ ಹರಿವಿನ ದಿಕ್ಕು ಸಿಗೋದು. ಬೇಸಿಗೇಲೂ ಮಳೆಗಾಲದಲ್ಲೂ ಅಳೀಬೇಕು. ಟ್ಯಾಂಕ್ ತೆಗೆದಾಗ ಗುಂಡಿಯ ತಳದ ಮಣ್ಣು ಪರೀಕ್ಷೆ ಮಾಡಿದ್ರಾ ಅಂತ ಮಾರೋರನ್ನ ಕೇಳಿ, ರಿಪೋರ್ಟ್ ತೋರಿಸ್ಲಿ.

ಟೆಸ್ಟ್ ಅಂದ್ರೆ ಗಡಸುತನ, ಟಿಡಿಎಸ್ (ನೀರಲ್ಲಿ ಕರಗಿರೋ ಲವಣಗಳ ಅಳತೆ) ಅಲ್ಲ, ಅವುಗಳಲ್ಲಿ ಬೆಂಜೀನ್ ಗೊತ್ತೇ ಆಗಲ್ಲ. ಪೆಟ್ರೋಲಲ್ಲಿರೋ ರಾಸಾಯನಿಕಗಳಾದ ಬೆಂಜೀನ್, ಟೊಲುಯಿನ್, ಈಥೈಲ್ ಬೆಂಜೀನ್, ಕ್ಸೈಲೀನ್ ಅಂತ ಹೆಸರು ಹೇಳಿ ಕೇಳಬೇಕು. ನೀರನ್ನ ಗಾಜಿನ ಸೀಸೇಲಿ ಗಾಳಿಗುಳ್ಳೆ ಇಲ್ಲದ ಹಾಗೆ ತುಂಬಿಸಿ ತಣ್ಣಗಿಟ್ಟು ಕಳಿಸ್ಬೇಕು, ಇಲ್ಲಾಂದ್ರೆ ದಾರೀಲೇ ಆವಿಯಾಗಿ ಸುಳ್ಳು ಫಲಿತಾಂಶ ಬರತ್ತೆ. ಕುಡಿಯೋ ನೀರಲ್ಲಿ ಬೆಂಜೀನ್ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಅಷ್ಟು ಕಮ್ಮಿ ಪ್ರಮಾಣ ಮೂಗಿಗೆ ಸಿಗಲ್ಲ. ವಾಸನೆ ಇಲ್ಲ ಅನ್ನೋ ನಿಮ್ಮ ಧೈರ್ಯಕ್ಕೆ ಅದೇ ಉತ್ತರ.

ಸಮಾಧಾನದ ವಿಷಯನೂ ಇದೆ. ಮಣ್ಣಿನ ಬ್ಯಾಕ್ಟೀರಿಯಾ ಆಮ್ಲಜನಕ ಸಿಕ್ಕಿದ್ರೆ ಬೆಂಜೀನನ್ನ ತಿಂದು ಮುಗಿಸತ್ತೆ, ಹಾಗಾಗಿ ಸೋರಿಕೆ ನಿಂತಿದ್ರೆ ಕೊಳೆ ಬಹಳ ಕಡೆ ಒಂದು ದೂರ ಹೋಗಿ ನಿಂತುಬಿಡತ್ತೆ. ಹಿಂದೆ ಪೆಟ್ರೋಲಿಗೆ ಬೆರೆಸ್ತಿದ್ದ ಎಂಟಿಬಿಇ ಅನ್ನೋ ರಾಸಾಯನಿಕ ಮಾತ್ರ ಹಾಗಲ್ಲ, ನೀರಲ್ಲಿ ಚೆನ್ನಾಗಿ ಕರಗಿ ಬೇಗ ಮುಂದೆ ಹೋಗತ್ತೆ. ಅಮೆರಿಕದ ಸಾಂಟಾ ಮೋನಿಕಾ ನಗರ ಅದರ ದೆಸೆಯಿಂದ 1996ರಲ್ಲಿ ಕುಡಿಯೋ ನೀರಿನ ಬಾವಿಗಳನ್ನೇ ಮುಚ್ಚಬೇಕಾಯ್ತು.

ಪ್ರಶ್ನೆ: ಇಂಥ ನೀರನ್ನ ಕುದಿಸಿದ್ರೆ ಸರಿ ಹೋಗಲ್ವಾ?

ಉತ್ತರ: ಬೇಡ. ಬೆಂಜೀನ್ 80 ಡಿಗ್ರಿಗೇ ಕುದಿಯತ್ತೆ ನಿಜ, ಆದ್ರೆ ಹೋಗೋದು ಅಡುಗೆಮನೆ ಗಾಳಿಗೆ, ಅದನ್ನ ನೀವೇ ಉಸಿರಾಡ್ತೀರ. ಬಿಸಿನೀರ ಸ್ನಾನಕ್ಕೂ ಇದೇ ಮಾತು.